ಯಾದಗಿರಿ, ಶಹಾಪುರ, ಸುರಪುರ ಪರಿಸರದ ಕ್ರಿಯಾವಿಶೇಷಣಗಳು: ಅಕ್ಷರವಿಭಜನೆ ಮತ್ತು ಉಚ್ಚಾರಣೆ

ಕನ್ನಡ ವ್ಯಾಕರಣಗಳು ಕ್ರಿಯಾವಿಶೇಷಣಗಳನ್ನು ಬಹುಮಟ್ಟಿಗೆ ಅವ್ಯಯಗಳ ಸಾಲಿನಲ್ಲಿ ಸೇರಿಸಿ, ಅರ್ಥ ಹೇಳಿ ಮುಂದೆ ಸಾಗುತ್ತವೆ. ಅವುಗಳ ಉಚ್ಚಾರಣೆಗೆ ದೊರೆತ ಗಮನ ಕಡಿಮೆ. ಯಾದಗಿರಿ, ಶಹಾಪುರ, ಸುರಪುರಗಳ ಆಡುನುಡಿಯಲ್ಲಿ ಈ ಪದಗಳು ಗ್ರಂಥಸ್ಥ ರೂಪದಿಂದ ಎಲ್ಲಿ, ಹೇಗೆ ಬೇರೆಯಾಗುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಇಲ್ಲಿ ಹೇಳುವ ಲಕ್ಷಣಗಳು ಈ ಸೀಮೆಗಷ್ಟೇ ಮೀಸಲಲ್ಲ. ಉತ್ತರ ಕರ್ನಾಟಕದ ಬಹುಭಾಗಕ್ಕೂ ಸಲ್ಲುತ್ತವೆ.

ಎಕಾರಾಂತ ನಾಮಪದಗಳು ಇಲ್ಲಿ ಇಕಾರಾಂತವಾಗುತ್ತವೆ: ಮನೆ 'ಮನಿ'ಯಾಗುತ್ತದೆ. ನಿನ್ನೆ, ನಾಳೆಗಳೂ 'ನಿನ್ನಿ', 'ನಾಳಿ' ಎಂದಾಗಿ ನಾಮಪದಗಳ ದಾರಿಯನ್ನೇ ಹಿಡಿಯುತ್ತವೆ. ಆದರೆ ಹೀಗೆ, ಮೇಲೆ, ಒಳಗೆ ಎಂಬವು 'ಹಿಂಗ', 'ಮ್ಯಾಲ', 'ಒಳಗ' ಎಂದು ಅಕಾರಾಂತವಾಗುತ್ತವೆ. ವ್ಯಾಕರಣ ಒಂದೇ ಗುಂಪಿಗೆ ಸೇರಿಸಿದ ಪದಗಳನ್ನು ಆಡುಮಾತು ಹೀಗೆ ಕೊನೆಯ ಸ್ವರದಿಂದಲೇ ಬೇರ್ಪಡಿಸುತ್ತದೆ.

ಮಾತ್ರೆಯ ವಿಚಾರ ಇನ್ನೂ ಕುತೂಹಲಕರವಾದುದು. 'ಹೀಗೆ'ಯಲ್ಲಿ ದೀರ್ಘಸ್ವರದಿಂದ ಗುರುವಾದ ಮೊದಲಕ್ಷರ 'ಹಿಂಗ'ದಲ್ಲಿ ಅನುಸ್ವಾರದಿಂದ ಗುರುವಾಗುತ್ತದೆ. ಎರಡಕ್ಕೂ ಮೂರೇ ಮಾತ್ರೆ. ನಡುಗನ್ನಡದ 'ಹೀಂಗೆ'ಯಲ್ಲಿದ್ದ ಅನುನಾಸಿಕವನ್ನು ಆಡುಮಾತು ಉಳಿಸಿಕೊಂಡಿದೆ, ಬರಹ ಬಿಟ್ಟಿದೆ. 'ಬಹಳ' ಮೂರು ಲಘುಗಳ ಪದ. 'ಭಾಳ' ಒಂದು ಗುರು, ಒಂದು ಲಘು. ಅಕ್ಷರ ಒಂದು ಕಡಿಮೆಯಾದರೂ ಮಾತ್ರೆ ಮೂರೇ. ಹಕಾರವು ಬಕಾರದಲ್ಲಿ ಸೇರಿ ಮಹಾಪ್ರಾಣವಾಗಿದೆ.

'ಸುಮ್ಮನೆ'ಯ ಸ್ಥಿತಿ ಬೇರೆ. ಬರಹದಲ್ಲಿ ಸು-ಮ್ಮ-ನೆ ಎಂದು ಒಡೆದರೂ ಉಚ್ಚಾರಣೆಯಲ್ಲಿ ಅದು ಸುಮ್-ಮ-ನೆ, ನಾಲ್ಕು ಮಾತ್ರೆ. ಆಡುಮಾತಿನ 'ಸುಮ್ನ'ದಲ್ಲಿ ನಡುವಣ ಸ್ವರ ಬಿದ್ದು ಎರಡು ಅಕ್ಷರ, ಮೂರು ಮಾತ್ರೆ ಉಳಿಯುತ್ತವೆ. ಫ್ರೆಂಚ್ ಭಾಷೆಯಲ್ಲೂ ಇಂಥದೇ ನಿದರ್ಶನವಿದೆ. 'ಮೆಲ್ಲನೆ' ಎಂಬರ್ಥದ 'ದೂಸ್‌ಮಾಂ' ಬರಹದಲ್ಲಿ ಮೂರು ಅಕ್ಷರಗಳ ಪದ. ಪ್ಯಾರಿಸ್ಸಿನ ಆಡುಮಾತಿನಲ್ಲಿ ನಡುವಣ ದುರ್ಬಲ ಸ್ವರ ಲೋಪವಾಗಿ ಎರಡೇ ಉಳಿಯುತ್ತವೆ. ಆದರೆ ಅಲ್ಲಿನ ಸಾಂಪ್ರದಾಯಿಕ ಛಂದಸ್ಸು ಆ ಲುಪ್ತಸ್ವರವನ್ನೂ ಎಣಿಕೆಗೆ ತೆಗೆದುಕೊಳ್ಳುತ್ತದೆ.

1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಈ ಸೀಮೆಯಲ್ಲಿ ಉರ್ದುವಿನ 'ಜಲ್ದಿ' ಮನೆಮಾತಾಗಿದೆ. ಇದರ ಕೊನೆಯ ಇಕಾರ ಕದಲುವುದಿಲ್ಲ.

ಜನಪದ ಗೀತೆಗಳನ್ನು ಅಚ್ಚಿಗೆ ಸಿದ್ಧಪಡಿಸುವಾಗ ಈ ವ್ಯತ್ಯಾಸ ಕೇವಲ ಶಾಸ್ತ್ರಚರ್ಚೆಯಾಗಿ ಉಳಿಯುವುದಿಲ್ಲ. ಸಂಪಾದಕರು 'ಹಿಂಗ'ವನ್ನು 'ಹೀಗೆ' ಎಂದು ತಿದ್ದಿದರೆ ನುಡಿಯ ಸೊಗಸು ಹೋಗುತ್ತದೆ, ಮಾತ್ರೆ ಕೆಡುವುದಿಲ್ಲ. 'ಸುಮ್ನ'ವನ್ನು 'ಸುಮ್ಮನೆ' ಎಂದು ತಿದ್ದಿದರೆ ಸಾಲಿಗೆ ಒಂದು ಮಾತ್ರೆ ಹೆಚ್ಚುತ್ತದೆ. ಹಾಡುವವರು ಅದನ್ನು ದನಿಯಲ್ಲಿ ಸರಿದೂಗಿಸಿಯಾರು. ಅಚ್ಚಾದ ಪಾಠವನ್ನೇ ಆಧರಿಸಿ ಛಂದಸ್ಸನ್ನು ನಿರ್ಣಯಿಸುವ ಸಂಶೋಧಕನು ಮಾತ್ರ ಗೀತೆಯಲ್ಲಿಲ್ಲದ ಮಾತ್ರೆಯನ್ನು ಎಣಿಸುತ್ತಾನೆ.