ಕರುಳಿನೊಳಗೆ ಹದವಾದ ಶಾಖ

ದೊಡ್ಡ ಕರುಳಿನ ಒಳಗೋಡೆಯಲ್ಲಿ ಕೆಲವರಿಗೆ ಪಾಲಿಪ್ ಎಂಬ ಸಣ್ಣ ಗಂಟುಗಳು ಬೆಳೆಯುತ್ತವೆ. ಕೆಲವು ಮುಂದೆ ಕ್ಯಾನ್ಸರ್ ಆಗಬಹುದು. 1969ರಲ್ಲಿ ನ್ಯೂಯಾರ್ಕಿನ ವೈದ್ಯರಾದ ವುಲ್ಫ್ ಮತ್ತು ಶಿನ್ಯಾ, ಹೊಟ್ಟೆ ಕೊಯ್ಯದೆ, ಕೊಲೊನೋಸ್ಕೋಪ್ ನಳಿಕೆಯೊಳಗಿಂದ ತಂತಿಯ ಕುಣಿಕೆ ತೂರಿಸಿ ವಿದ್ಯುತ್ತಿನಿಂದ ಪಾಲಿಪ್ ಕತ್ತರಿಸಿದರು.

ಈ ವಿದ್ಯುತ್ತು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ದಿಕ್ಕು ಬದಲಿಸುವುದರಿಂದ ಷಾಕ್ ಹೊಡೆಯದು, ಶಾಖ ಹುಟ್ಟುತ್ತದೆ. ಶಾಖ ಸಾಲದಿದ್ದರೆ ರಕ್ತ ಸೋರಬಹುದು. ಮಿತಿಮೀರಿದರೆ ಕೆಲವೇ ಮಿಲಿಮೀಟರ್ ದಪ್ಪದ ಕರುಳು ತೂತಾಗಬಹುದು.

ಹಾಗಾದರೆ ಹದ ತಿಳಿಯುವುದು ಹೇಗೆ? ಅಂಗಾಂಶ ಬೆಂದು ಒಣಗಿದಂತೆ ಅದರ ವಿದ್ಯುತ್ ರೋಧ ಏರುತ್ತದೆ. ಇಂದಿನ ಹಲವು ಯಂತ್ರಗಳ ಸಂವೇದಕಗಳು ವೋಲ್ಟೇಜು, ಕರೆಂಟುಗಳನ್ನು ಕ್ಷಣಕ್ಷಣವೂ ಅಳೆಯುತ್ತವೆ. ಯಂತ್ರ ಅದಕ್ಕೆ ತಕ್ಕಂತೆ ಶಕ್ತಿಯನ್ನು ಏರಿಳಿಸುತ್ತದೆ. ಹಾಲು ಉಕ್ಕುವುದನ್ನು ಕಂಡು ಅಮ್ಮ ಉರಿ ತಗ್ಗಿಸುವುದಿಲ್ಲವೇ? ಹಾಗೆಯೇ ಇದು. ಆದರೂ ಕುಣಿಕೆ ಬಿಗಿಯುವ ಕೈ ವೈದ್ಯರದೇ!