ಕಪ್ಪು ಕೋಟಿನ ಕೆಳಗೆ ಬಿಳಿ ಪಂಚೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಯಾವ ಊರಿನ ಕೋರ್ಟಿಗೆ ಹೋದರೂ ವಕೀಲರನ್ನು ದೂರದಿಂದಲೇ ಗುರುತು ಹಿಡಿಯಬಹುದು. ಕಪ್ಪು ಕೋಟು, ಬಿಳಿ ಅಂಗಿ, ಕೊರಳಿಗೆ ಬಿಳಿ ಬ್ಯಾಂಡು. ಇಷ್ಟು ಕಟ್ಟುನಿಟ್ಟಿನ ಉಡುಪು ಬೇರೆ ವೃತ್ತಿಗಳಲ್ಲಿ ಅಪರೂಪ. ಆದರೆ ಭಾರತೀಯ ವಕೀಲರ ಪರಿಷತ್ತಿನ ನಿಯಮವನ್ನು ಪೂರ್ತಿ ಓದಿದರೆ ಅಚ್ಚರಿಯಾಗುತ್ತದೆ. ಸೊಂಟದಿಂದ ಕೆಳಗೆ ಬಿಳಿ, ಕಪ್ಪು, ಬೂದು ಅಥವಾ ಪಟ್ಟೆಯ ಪ್ಯಾಂಟು ಆಗಬಹುದು, ಪಂಚೆಯೂ ಆಗಬಹುದು, ಜೀನ್ಸ್ ಮಾತ್ರ ಬೇಡ ಎನ್ನುತ್ತದೆ ಅದು. ಮುಂಗಡೆ ತೆರೆದ ಕೋಟಿನ ಬದಲು ಗುಂಡಿ ಹಾಕಿದ ಮುಚ್ಚುಕೋಟನ್ನೋ ಕಪ್ಪು ಶೇರ್ವಾನಿಯನ್ನೋ ತೊಡಬಹುದು. ಗೌನು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನಲ್ಲಿ ಕಡ್ಡಾಯ, ಉಳಿದೆಡೆ ಅವರವರ ಇಷ್ಟ. ಬೇಸಿಗೆಯಲ್ಲಿ ತಾಲ್ಲೂಕು, ಜಿಲ್ಲಾ ಕೋರ್ಟುಗಳ ವಕೀಲರಿಗೆ ಕೋಟಿನಿಂದಲೇ ವಿನಾಯಿತಿ.

ಎಂದರೆ, ದೇಶದ ಅತಿ ಬಿಗಿಯಾದ ಉಡುಪಿನ ನಿಯಮವೊಂದರ ಒಳಗೇ ನಮ್ಮ ಅಜ್ಜಂದಿರ ಪಂಚೆಗೆ ಜಾಗವಿದೆ. ಕೆಲಸದ ಜಾಗದಲ್ಲಿ ಏನು ತೊಡಬೇಕು ಎಂದು ಗಂಡಸರು ಪಡುವ ಇಕ್ಕಟ್ಟಿನ ದೊಡ್ಡ ಪಾಲು ಬರುವುದು ನಿಯಮ ಹೀಗಿರಬೇಕು ಎಂಬ ಊಹೆಯಿಂದ. ಈ ಅಧ್ಯಾಯದಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಅದನ್ನೇ.

ಕಚೇರಿಯ ಉಡುಪು ಎಂದು ನಾವು ಕರೆಯುವುದಕ್ಕೆ ನಮ್ಮ ಸೀಮೆಯಲ್ಲಿ ದೊಡ್ಡ ಇತಿಹಾಸವಿದೆ. ಮೈಸೂರು ಅರಮನೆಯ ದರ್ಬಾರಿಗೆ ಹೋಗುವವರು ಬಿಳಿ ಷರಾಯಿ, ಕಪ್ಪು ಉದ್ದ ಕೋಟು, ಜರಿ ಪೇಟ ಧರಿಸಬೇಕಿತ್ತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯ ಅವರ ಚಿತ್ರ ನೋಡಿ: ಕೊರಳಿಗೆ ಟೈ, ಮೇಲೆ ಯುರೋಪಿನ ಕೋಟು, ತಲೆಗೆ ಮೈಸೂರು ಪೇಟ. ಎರಡು ಲೋಕಗಳ ಬಟ್ಟೆ ಒಂದೇ ಮೈಮೇಲೆ ಕೂತಿದೆ, ಒಂದಿಷ್ಟೂ ಅಭಾಸ ಕಾಣದು. ಹುಣಸೂರಿಗಂತೂ ಸಮವಸ್ತ್ರದ ನಂಟು ಇನ್ನೂ ಹಳೆಯದು. ಅಮೃತಮಹಲ್ ದನಗಳ ಕೇಂದ್ರವಾಗಿದ್ದ ಈ ಊರಿನಲ್ಲಿ ಬ್ರಿಟಿಷರ ಸೈನ್ಯಕ್ಕಾಗಿ ಚರ್ಮ ಹದ ಮಾಡುವ, ಕಂಬಳಿ ನೇಯುವ ಕಾರ್ಖಾನೆಗಳು ನಡೆಯುತ್ತಿದ್ದವು. ಸರ್ಕಾರ ಅವನ್ನು 1864ರಲ್ಲಿ ಮುಚ್ಚಿದ ಮೇಲೂ ಇಲ್ಲಿನ ಕಸುಬುದಾರರು ಬೂಟು, ಕಂಬಳಿ ಮಾಡುವುದನ್ನು ಬಿಡಲಿಲ್ಲ.

ನಿಯಮವನ್ನು ಬಗ್ಗಿಸಿದವರೂ ನಮ್ಮಲ್ಲಿದ್ದಾರೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪಿಎಚ್.ಡಿ. ಮಾಡಿ ಬಂದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದಾಗಲೂ ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ ಬಿಡಲಿಲ್ಲ. ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾಗಿ ಪಂಚೆಯಲ್ಲೇ ದೆಹಲಿಯಲ್ಲಿ ಕೂತರು. ಇವರನ್ನು ನೆನೆದರೆ ಹೆಮ್ಮೆಯಾಗುತ್ತದೆ. ಆದರೆ ಕುಲಪತಿಗೆ, ಪ್ರಧಾನಿಗೆ ಸಿಕ್ಕ ಸಲುಗೆ ಹೊಸದಾಗಿ ಸೇರಿದ ದ್ವಿತೀಯ ದರ್ಜೆ ಸಹಾಯಕನಿಗೆ ಸಿಗುವುದಿಲ್ಲ. ಕೆಳಗಿನ ಮೆಟ್ಟಿಲಲ್ಲಿ ನಿಂತವನಿಗೆ ಉಡುಪಿನ ಧೈರ್ಯ ದುಬಾರಿ. ಅವನಿಗೆ ಬೇಕಾದದ್ದು ದಿನವೂ ನಡೆಯುವ ದಾರಿ.

ಆ ದಾರಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಈ ನಿಯಮ ಯಾಕಿದೆ ಎಂಬುದು. ಬಸ್ ಕಂಡಕ್ಟರನ ಖಾಕಿ, ನೂಕುನುಗ್ಗಲಿನಲ್ಲಿ ಪ್ರಯಾಣಿಕರಿಗೆ ಅವನ ಗುರುತು ಸಿಗಲಿ ಎಂದು. ರೈಸ್ ಮಿಲ್ಲಿನಲ್ಲಿ ಬೆಲ್ಟು ತಿರುಗುವ ಕಡೆ ಜೋಲುವ ಟವೆಲ್ಲು, ಸಡಿಲ ಪಂಚೆ ಬೇಡ ಎನ್ನುವುದು ಜೀವದ ಪ್ರಶ್ನೆ. ಅಲ್ಲಿ ಸ್ವಂತ ಅಭಿರುಚಿಯ ಮಾತೇ ಬರಬಾರದು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2007ರ ಮಾರ್ಗಸೂಚಿಯ ನಂತರ ವೈದ್ಯರು ರೋಗಿಗಳನ್ನು ಮುಟ್ಟಿ ನೋಡುವಾಗ ಉದ್ದ ತೋಳು, ಕೈಗಡಿಯಾರ, ಟೈ ಬಿಟ್ಟರು. ಸೋಂಕು ಹರಡಬಾರದೆಂಬ ಕಾರಣ ಮುಂದೆ ಬಂದದ್ದೇ ತಡ, ಗೌರವದ ಗುರುತಾಗಿದ್ದ ಟೈ ಹಿಂದೆ ಸರಿಯಿತು. ಕಾರಣ ಗೊತ್ತಿದ್ದರೆ ಎಲ್ಲಿ ಬಗ್ಗಬೇಕು, ಎಲ್ಲಿ ಮಾತಾಡಬಹುದು ಎಂಬುದು ತಾನಾಗಿ ತಿಳಿಯುತ್ತದೆ.

ಕಾರಣ ಹೇಳದ ನಿಯಮಗಳೇ ತೊಡಕು. ‘ಸಭ್ಯ ಉಡುಪು’ ಎಂದು ಬರೆದು ಕೈಬಿಟ್ಟರೆ ಅದನ್ನು ಅಳೆಯುವವರು ಯಾರು? ಮೇಲಧಿಕಾರಿಯ ರುಚಿಯೇ ಅಳತೆಯಾಗುತ್ತದೆ. ಇಂಥ ಕಡೆ ಒಳ್ಳೆಯ ಉಪಾಯವೆಂದರೆ ಮೊದಲ ಕೆಲವು ವಾರ ಸಾದಾ ಬಣ್ಣದ ಅಂಗಿ, ಗಾಢ ಬಣ್ಣದ ಪ್ಯಾಂಟಿನಲ್ಲಿ ಹೋಗಿ, ನಿಮ್ಮದೇ ದರ್ಜೆಯ ಹಿರಿಯ ನೌಕರರು ಏನು ಉಡುತ್ತಾರೆಂದು ನೋಡುವುದು. ಐ.ಟಿ. ಕಂಪನಿಗಳೂ ಬದಲಾಗಿವೆ. ಫಾರ್ಮಲ್ ಉಡುಪಿಗೆ ಹೆಸರಾಗಿದ್ದ ಇನ್ಫೋಸಿಸ್ 2015ರ ಜೂನ್‌ನಲ್ಲಿ ವಾರವಿಡೀ ಕ್ಯಾಶುವಲ್ ಉಡುಪಿಗೆ ಒಪ್ಪಿತು.

ನಿಯಮ ಎಷ್ಟೇ ಬಿಗಿಯಿದ್ದರೂ ಅದು ಮುಟ್ಟದ ಒಂದು ಜಾಗವಿದೆ: ಹೊಲಿಗೆ. ನಮ್ಮ ತಾಲ್ಲೂಕು ಊರುಗಳಲ್ಲಿ ಇನ್ನೂ ಟೈಲರ್ ಅಂಗಡಿಗಳಿರುವುದು ಭಾಗ್ಯ. ರೆಡಿಮೇಡ್ ಅಂಗಿ ಒಂದು ಅಂದಾಜಿನ ಮೈಗೆ ಹೊಲಿದದ್ದು; ಟೈಲರ್ ಟೇಪು ಹಿಡಿಯುವುದು ನಿಮ್ಮ ಮೈಗೆ. ಭುಜದ ಹೊಲಿಗೆ ಭುಜದ ಮೂಳೆಯ ತುದಿಯಲ್ಲೇ ನಿಲ್ಲಬೇಕು. ಒಂದು ಬೆರಳಿನಷ್ಟು ಕೆಳಗಿಳಿದರೂ ಅಂಗಿ ಅಣ್ಣನದ್ದನ್ನು ಇಸಿದುಕೊಂಡಂತೆ ಕಾಣುತ್ತದೆ. ಕಾಲರಿನ ಗುಂಡಿ ಹಾಕಿದಾಗ ಎರಡು ಬೆರಳು ಒಳಗೆ ಹೋದರೆ ಅಳತೆ ಸರಿ. ತೋಳು ಮಣಿಕಟ್ಟಿನ ಮೂಳೆಗೆ ಮುಟ್ಟಬೇಕು. ಪ್ಯಾಂಟಿನ ತುದಿ ಷೂ ಮೇಲೆ ಒಂದೇ ಮಡಿಕೆ ಬೀಳುವಷ್ಟಿರಲಿ, ನಾಲ್ಕು ಮಡಿಕೆ ಬಿದ್ದರೆ ಕತ್ತರಿಸಿ ಹೊಲಿಸಿ. ಒಳಗೆ ಸ್ವಲ್ಪ ಮಾರ್ಜಿನ್ ಬಿಡಲು ಹೇಳಿ, ಸೊಂಟ ದಪ್ಪವಾದಾಗ ಬಿಚ್ಚಿ ಹೊಲಿಯಬಹುದು. ಕಾಜಾ ಕೈಯಿಂದ ಹಾಕುವವರು ಸಿಕ್ಕರೆ ಬಿಡಬೇಡಿ, ನಾಲ್ಕು ರೂಪಾಯಿ ಹೆಚ್ಚಾದರೂ ಸರಿ. ಬಟ್ಟೆಯ ಆಯ್ಕೆಯೂ ನಿಮ್ಮದೇ. ಟೆರಿಕಾಟ್ ಸುಕ್ಕಾಗದು, ಬೇಗ ಒಣಗುತ್ತದೆ, ಆದರೆ ಏಪ್ರಿಲ್ ಬಿಸಿಲಲ್ಲಿ ಬೆವರು ಹೀರದು. ಹತ್ತಿ ಬಟ್ಟೆಗೆ ಇಸ್ತ್ರಿ ಬೇಕು, ಮೈಗೆ ಮಾತ್ರ ಅದರಷ್ಟು ಹಿತ ಬೇರೊಂದಿಲ್ಲ. ಅದೇ ಬಿಳಿ ಅಂಗಿ, ಅದೇ ಕಪ್ಪು ಪ್ಯಾಂಟು ತೊಟ್ಟ ಹತ್ತು ಜನರ ನಡುವೆ ಒಬ್ಬ ಮಾತ್ರ ಅಚ್ಚುಕಟ್ಟಾಗಿ ಕಾಣುವ ಗುಟ್ಟೆಲ್ಲ ಇಲ್ಲಿದೆ.

ಪಂಚೆಯನ್ನೇ ಉಡಬೇಕೆನ್ನುವವರಿಗೂ ಇದೇ ಮಾತು. ಸಣ್ಣ ಅಂಚಿನ, ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಗೆ ಮೈಗೊಪ್ಪುವ ಪೂರ್ತಿ ತೋಳಿನ ಅಂಗಿ ಇದ್ದರೆ ಯಾವ ಕಚೇರಿಯಲ್ಲೂ ತಲೆ ತಗ್ಗಿಸಬೇಕಿಲ್ಲ. ಮೆಟ್ಟಿಲು ಹತ್ತಿ ಇಳಿಯುವ ಕೆಲಸವಿದ್ದರೆ ಕಚ್ಚೆ ಹಾಕಿ ಉಡುವುದು ಮೇಲು.

ಆದರೂ ಪಂಚೆಯನ್ನು, ಹಳ್ಳಿಯವರ ಬಟ್ಟೆಯನ್ನು ಕಂಡು ಹುಬ್ಬು ಗಂಟಿಕ್ಕುವವರಿದ್ದಾರೆ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ ಬಟ್ಟೆ ಕೊಳಕೆಂದು ರೈತರೊಬ್ಬರನ್ನು ತಡೆದರು. ಅದೇ ವರ್ಷದ ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದ ಹಿರಿಯರನ್ನು ಒಳಗೆ ಬಿಡಲಿಲ್ಲ. ಜನ ಸಿಡಿದೆದ್ದರು. ಮೆಟ್ರೊದ ಭದ್ರತಾ ಮೇಲ್ವಿಚಾರಕನ ಕೆಲಸ ಹೋಯಿತು, ಮಾಲನ್ನು ಏಳು ದಿನ ಮುಚ್ಚಿಸಲಾಯಿತು. ತಮಿಳುನಾಡಿನಲ್ಲಿ 2014ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಪಂಚೆಯ ಕಾರಣಕ್ಕೆ ಕ್ಲಬ್ಬಿನ ಬಾಗಿಲಲ್ಲಿ ತಡೆದಾಗ ಅಲ್ಲಿನ ಸರ್ಕಾರ ಅಂಥ ತಡೆಯ ವಿರುದ್ಧ ಕಾಯ್ದೆಯನ್ನೇ ತಂದಿತು.

ಹೊಗೆಸೊಪ್ಪು ಕೊಯ್ಯುವ ದಿನಗಳಲ್ಲಿ ನಮ್ಮ ಹಳ್ಳಿಗಳ ಗಂಡಸರ ಅಂಗಿಗೆ ಎಲೆಯ ಅಂಟು ಮೆತ್ತಿ ಕಪ್ಪಾಗುತ್ತದೆ. ಎಷ್ಟು ಒಗೆದರೂ ಪೂರ್ತಿ ಹೋಗದು. ಅದೂ ಕೆಲಸದ ಉಡುಪೇ. ಆ ಅಂಗಿಯಲ್ಲೇ ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ ಬಂದವರಿಗೆ ಕೌಂಟರಿನ ಆಚೆ ಇಸ್ತ್ರಿ ಅಂಗಿ ತೊಟ್ಟು ಕೂತ ನೌಕರ ‘ಕೂತ್ಕೊಳ್ಳಿ ಯಜಮಾನ್ರೇ’ ಎಂದು ಕುರ್ಚಿ ತೋರಿಸಬೇಕು.