ಗಿಡ ಬದುಕಿದರೆ ಸಾಕೇ?

ಹೊಂಗೆ ಎಣ್ಣೆಯ ದೀಪವನ್ನು ಅಜ್ಜ-ಅಜ್ಜಿಯರು ಕಂಡಿರಬಹುದು. ಮಕ್ಕಳೇ, ಅದೇ ಎಣ್ಣೆಯಿಂದ ಬಯೋಡೀಸೆಲ್ ಕೂಡ ತಯಾರಾಗುತ್ತದೆ! ಹಾಗಾದರೆ ಒಣನೆಲದಲ್ಲಿ ಇಂಧನ ಬೆಳೆಯಬಹುದೇ?

2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು ಬಯೋಡೀಸೆಲ್‌ಗಾಗಿ ಜತ್ರೋಫಾ, ಅಂದರೆ ಕಾಡುಹರಳು, ಬೆಳೆಸಲು ಸಲಹೆ ಕೊಟ್ಟಿತು. ಬರಕ್ಕೆ ಜಗ್ಗದ, ಆಡೂ ಮೇಯದ ಗಿಡ ಅದು. ಹಲವೆಡೆ ರೈತರು ನೆಟ್ಟರು. ಗಿಡವೇನೋ ಬದುಕಿತು, ನೆಚ್ಚಿದಷ್ಟು ಬೀಜ ಸಿಗಲಿಲ್ಲ. ನೀರಿಲ್ಲದಾಗ ಅದು ಎಲೆ ಉದುರಿಸಿ ಜೀವ ಉಳಿಸಿಕೊಳ್ಳುತ್ತದೆ. ಆದರೆ ಬೀಜ ತುಂಬಲು ತೇವ ಬೇಕೇ ಬೇಕು.

ಆದ್ದರಿಂದ ವಿಜ್ಞಾನಿಗಳು ವರ್ಷದ ಒಟ್ಟು ಮಳೆಯನ್ನಷ್ಟೇ ನೋಡುವುದಿಲ್ಲ. ಮಳೆ ಯಾವ ತಿಂಗಳು ಬರುತ್ತದೆ, ಬಿಸಿಲು ಎಷ್ಟು, ಮಣ್ಣು ಎಷ್ಟು ದಿನ ತೇವ ಹಿಡಿದಿಡುತ್ತದೆ ಎಂದೂ ಲೆಕ್ಕ ಹಾಕುತ್ತಾರೆ.

ಆಳಕ್ಕೆ ಬೇರಿಳಿಸುವ ಹೊಂಗೆಗೂ ಇದೇ ಪರೀಕ್ಷೆ. ಅಜ್ಜನನ್ನು ಕೇಳಿ: ನಿಮ್ಮೂರ ಹೊಂಗೆ ಯಾವ ವರ್ಷ ಚೆನ್ನಾಗಿ ಕಾಯಿ ಬಿಟ್ಟಿತ್ತು? ಆ ವರ್ಷ ಮಳೆ ಹೇಗಿತ್ತು?